ಕಂಪ್ಯೂಟರ್ ತಕ್ಕಡಿಯ ಅರ್ಧ ವೋಲ್ಟು

ನಂಜನಗೂಡಿನ ಅಗ್ರಹಾರದ ಬೀದಿಯಲ್ಲಿ ಸುಬ್ರಹ್ಮಣ್ಯನ ದಿಗಿಲು ಎಲ್ಲರಿಗೂ ಗೊತ್ತಿದ್ದ ವಿಷಯ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆಂದು ಹೊರಟವನು ಬೀದಿಯ ತಿರುವಿನ ತನಕ ಹೋಗಿ, ಸ್ಟೌ ಆರಿಸಿದೆವೋ ಇಲ್ಲವೋ ಎಂದು ಮನೆಗೆ ವಾಪಸು ಬರುತ್ತಿದ್ದ. ಹೆಂಡತಿ ಚಂಪಕ ಅವನು ತಿರುಗಿದ್ದನ್ನು ಕಿಟಕಿಯಿಂದಲೇ ಕಂಡು, "ಆರಿಸಿದೆ, ನೀವು ಹೊರಡಿ" ಎಂದು ಅಲ್ಲಿಂದಲೇ ಹೇಳಿ ಕಳಿಸುವಳು. ತಾಯಿ ಜಾನಕಮ್ಮನಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಅವರ ಯಜಮಾನರೂ ಬೀದಿಯ ಕೊನೆಯ ಪುಟ್ಟ ಗುಡಿಯ ಪೂಜೆ ಮುಗಿಸಿ, ಬೀಗ ಹಾಕಿ ಬಂದು, ಎಲೆಯ ಮುಂದೆ ಕೂತ ಮೇಲೆ ಎದ್ದು ಹೋಗಿ ಬೀಗ ಎಳೆದು ನೋಡಿ ಬರುತ್ತಿದ್ದವರೇ.

ಅಪ್ಪನ ನಂತರ ಪೂಜೆ ಅಣ್ಣನ ಪಾಲಿಗೆ ಹೋಯಿತು. ಸುಬ್ರಹ್ಮಣ್ಯನಿಗೆ ಹುಡುಗನಾಗಿದ್ದಾಗಿನಿಂದಲೂ ರೇಡಿಯೋ ಹುಚ್ಚು. ಎಪ್ಪತ್ತರ ದಶಕದಲ್ಲಿ ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಲೇ ಬಜಾರಿನ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿಗೆ ಕೂರುತ್ತಿದ್ದ. ಅವನು ಬಿಚ್ಚಿ ಕೂಡಿಸಿದ ಸೆಟ್ಟು ಮತ್ತೆ ರಿಪೇರಿಗೆ ಬರುತ್ತಿರಲಿಲ್ಲ. ಆದರೆ ಅವನ ಕೈಯಿಂದ ಬೇಗ ಹೊರಗೂ ಹೋಗುತ್ತಿರಲಿಲ್ಲ. ಹಾಡು ಚೆನ್ನಾಗಿ ಕೇಳುತ್ತಿದ್ದರೂ, ಇನ್ನೊಂದು ಸಲ ನೋಡಿಬಿಡೋಣ ಎಂದು ಹಿಂಬದಿಯ ರಟ್ಟನ್ನು ಮತ್ತೆ ತೆಗೆಯುವನು. ಅಂಗಡಿಯ ಯಜಮಾನರು ಬೇಸತ್ತು, ನಿನಗೆ ಅಂಗಡಿಗಿಂತ ಫ್ಯಾಕ್ಟರಿ ವಾಸಿ ಎಂದರು. ಆ ಮಾತು ನಿಜವಾಯಿತು. ನಂಜನಗೂಡಿಗೂ ತಿರುಮಕೂಡಲಿಗೂ ನಡುವೆ, ಹೊಳೆಯಿಂದ ಸ್ವಲ್ಪ ದೂರದಲ್ಲಿದ್ದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವನಿಗೆ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಕೆಲಸ ಸಿಕ್ಕಿತು.

ಆ ಕಾರ್ಖಾನೆಗೆ ಕಂಪ್ಯೂಟರ್ ತಕ್ಕಡಿ ಬಂದದ್ದು ಎಂಬತ್ತೇಳರಲ್ಲಿ. ಅಲ್ಲಿಯವರೆಗೆ ಕಬ್ಬಿನ ಗಾಡಿ ತೂಗುತ್ತಿದ್ದದ್ದು ಉದ್ದನೆಯ ಕಬ್ಬಿಣದ ದಂಡದ ತಕ್ಕಡಿ. ಗುಂಡನ್ನು ಸರಿಸುತ್ತಾ ಹೋದಂತೆ ದಂಡದ ಮೂತಿ ಮೇಲೆ ಕೆಳಗೆ ತೂಗಾಡಿ ಒಂದು ಕಡೆ ನಿಲ್ಲುತ್ತಿತ್ತು. ಓದು ಬಾರದ ರೈತನಿಗೂ ಅದು ನಿಂತದ್ದು ಕಾಣುತ್ತಿತ್ತು. ಹೊಸದರಲ್ಲಿ ಅದೇನೂ ಇಲ್ಲ. ಗಾಡಿ ಕಬ್ಬಿಣದ ಹಲಗೆಯ ಮೇಲೆ ನಿಂತರೆ, ತೂಕದ ಮನೆಯೊಳಗಿನ ಡಬ್ಬದಲ್ಲಿ ಕೆಂಪು ಅಂಕಿ ಮೂಡುತ್ತದೆ, ಪಕ್ಕದ ಪ್ರಿಂಟರು ಕರಕರ ಎಂದು ಚೀಟಿ ಹಾಕುತ್ತದೆ, ಅಷ್ಟೇ. ಮೂಗೂರು, ಹೆಮ್ಮಿಗೆ, ಸುತ್ತಿನ ಊರುಗಳ ಬೆಳೆಗಾರರು ಸೇರಿದಾಗ ಮ್ಯಾನೇಜರು ಸುಬ್ರಹ್ಮಣ್ಯನ ಕೈಗೆ ಮೈಕು ಕೊಟ್ಟು, ನಾಲ್ಕು ಮಾತು ಹೇಳಿ ಎಂದರು. ಅವನು ಬೆವೆತುಕೊಂಡೇ, "ಈ ಯಂತ್ರಕ್ಕೆ ಯಾರ ಮುಖವೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ತೂಕ" ಎಂದ. ಜನ ತಲೆ ಆಡಿಸಿದರು. ಅವನಿಗೆ ಮಾತ್ರ, ಅಷ್ಟು ಗಟ್ಟಿಯಾಗಿ ಹೇಳಬಾರದಾಗಿತ್ತೇನೋ ಎನ್ನುವುದು ಆವತ್ತಿನಿಂದ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ, ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಬಾಯ್ಲರ್ ಮನೆಯಲ್ಲಿದ್ದ ಅವನನ್ನು ಹುಡುಕಿಕೊಂಡು ವಾಚ್‌ಮನ್ ಬಂದ. ತೂಕದ ಹಲಗೆಯ ಮೇಲೆ ಹೆಂಗಸೊಬ್ಬಳು ಎತ್ತು ಬಿಚ್ಚಿ ಕೂತಿದ್ದಾಳೆ, ಗಾಡಿ ಕದಲಿಸುವುದಿಲ್ಲವಂತೆ ಎಂದ.

ಅವಳು ಹೆಮ್ಮಿಗೆಯ ಚಿಕ್ಕಮಾದಮ್ಮ. ಗಂಡ ತೀರಿಕೊಂಡ ಮೇಲೆ ಹೊಲ, ಗಾಡಿ ಎರಡನ್ನೂ ತಾನೇ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ. ಸುಬ್ರಹ್ಮಣ್ಯ ಓಡುತ್ತಾ ಬಂದಾಗ ಅವಳು ಸೆರಗನ್ನು ತಲೆಯ ಮೇಲೆ ಹೊದ್ದು, ಗಾಡಿಯ ಮೂಕಿಗೆ ಒರಗಿ ಕೂತಿದ್ದಳು. ಹಿಂದೆ ಗಾಡಿಗಳ ಸಾಲು ಗೇಟಿನಾಚೆಯ ರಸ್ತೆಯವರೆಗೂ ನಿಂತಿತ್ತು. ತೂಕದ ಮನೆಯ ಕಿಟಕಿಯಿಂದ ಆಪರೇಟರ್ ಸಿದ್ದರಾಜು ಇಣುಕುತ್ತಿದ್ದ. ಅವನು ಮೂಗೂರಿನವನು, ಆ ಸಾಲಿನಲ್ಲಿ ಅವನ ನೆಂಟರ ಗಾಡಿಗಳೂ ಇದ್ದವು.

"ಕಂಪೂಟ್ರು ಒಂದು ಟನ್ನು ಏಳ್ನೂರ ಎಂಬತ್ತು ಅಂತದೆ ಸಾ" ಎಂದಳು ಚಿಕ್ಕಮಾದಮ್ಮ. "ಎಲ್ಡು ಟನ್ನಿಗೆ ಕಮ್ಮಿ ನನ್ನ ಗಾಡಿ ಯಾವತ್ತೂ ಬಂದಿಲ್ಲ. ನಾನೇ ನಿಂತು ಏರಿಸಿದ್ದೀನಿ. ಓದ ವಾರನೂ ಇಂಗೇ ಆಯ್ತು, ಸುಮ್ಕೆ ಓದೆ. ಇವತ್ತು ಓಗಕಿಲ್ಲ."

"ಇನ್ನೊಂದು ಸಲ ತೂಗಿಸ್ತೀನಮ್ಮ. ಗಾಡಿ ಒಂದ್ಸಲ ಕೆಳಗಿಳಿಸಿ."

"ಇಳಿದ್ರೆ ಇಂದ್ಗಡೆ ಗಾಡಿ ಬುಟ್ಬುಡ್ತೀರಿ."

"ಬಿಡಲ್ಲ. ನಾನೇ ಇಲ್ಲಿ ಅಡ್ಡ ನಿಂತಿರ್ತೀನಿ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ಎತ್ತು ಕಟ್ಟಿದಳು. ಗಾಡಿ ಇಳಿಯಿತು, ಒಂದು ಸುತ್ತು ಹಾಕಿ ಮತ್ತೆ ಏರಿತು. ಸಿದ್ದರಾಜು ಒಳಗಿನಿಂದ ಸಣ್ಣ ದನಿಯಲ್ಲಿ ಅಂಕಿ ಓದಿದ: "ಎರಡು ಟನ್ನು ತೊಂಬತ್ತು ಸಾ."

ಅವನು ಎಷ್ಟು ಮೆಲ್ಲಗೆ ಹೇಳಿದರೂ ಸಾಲಿನಲ್ಲಿದ್ದವರಿಗೆ ಕೇಳಿಸಿಬಿಟ್ಟಿತು. ಒಂದೇ ಗಾಡಿ, ಅದೇ ಕಬ್ಬು, ಎರಡು ತೂಕ. ಜನ ಗಾಡಿ ಬಿಟ್ಟು ತೂಕದ ಮನೆಯ ಸುತ್ತ ನೆರೆಯತೊಡಗಿದರು. ಮೂಗೂರಿನ ಕರಿಯಯ್ಯ ಎಂಬ ಹಿರಿಯ ಮುಂದೆ ಬಂದ. ಬೆಳೆಗಾರರ ಪರವಾಗಿ ಮಾತಾಡುವವನು ಅವನೇ, ಯಾವತ್ತೂ ದನಿ ಏರಿಸಿದವನಲ್ಲ. "ಮುಖ ಗೊತ್ತಿಲ್ಲ ಅಂದಿದ್ರಿ ನೀವು" ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತ.

ಮೊದಲು ಸುಬ್ರಹ್ಮಣ್ಯ ಹಲಗೆಯ ಕೆಳಗಿನ ಗುಂಡಿಗೆ ಇಳಿದ. ಭಾರ ಹೊತ್ತು ಅಳೆಯುವ ಉಕ್ಕಿನ ಗುಂಡುಗಳು ಅಲ್ಲಿದ್ದವು. ನೀರು ಸೇರಿರಬಹುದು, ಕಲ್ಲು ಸಿಕ್ಕಿಕೊಂಡಿರಬಹುದು ಎಂದು ಟಾರ್ಚು ಬಿಟ್ಟು ಮೂಲೆಮೂಲೆ ನೋಡಿದ. ಎಲ್ಲ ಒಣಗಿ ನೆಟ್ಟಗಿತ್ತು. ತಲೆಯ ಮೇಲೆ, ಹಲಗೆಯ ಅಂಚಿನಲ್ಲಿ, ಬರಿಗಾಲುಗಳು ಒಂದೊಂದಾಗಿ ಹೆಚ್ಚುತ್ತಿದ್ದವು. ಹತ್ತಿ ಬಂದು ಬೆಂಗಳೂರಿನ ಸರ್ವಿಸ್ ಆಫೀಸಿಗೆ ಟ್ರಂಕ್ ಕಾಲ್ ಹಾಕಿದ. ಲೈನು ಸಿಗುವಷ್ಟರಲ್ಲಿ ಅವನ ಶರಟು ಬೆನ್ನಿಗೆ ಅಂಟಿತ್ತು. ಮದರ್‌ಬೋರ್ಡ್ ಬಿಚ್ಚಿ ಕಳಿಸಿ, ನೋಡಿ ಹೇಳುತ್ತೇವೆ, ಎರಡು ವಾರವಾದರೂ ಬೇಕು ಎಂದರು ಆ ಕಡೆಯವರು. ಎರಡು ವಾರವಿರಲಿ, ಎರಡು ದಿನ ತೂಕ ನಿಂತರೂ ಗಾಣ ನಿಲ್ಲುತ್ತದೆ, ಕಡಿದಿಟ್ಟ ಕಬ್ಬು ರಸ್ತೆಯಲ್ಲೇ ಒಣಗುತ್ತದೆ. ಫೋನು ಇಟ್ಟು ತಿರುಗಿದರೆ ಮ್ಯಾನೇಜರು ನಿಂತಿದ್ದರು.

"ಏನಾದರೂ ಮಾಡಿ ಶುರು ಮಾಡಿಸಿ ಸುಬ್ರಹ್ಮಣ್ಯ. ಆ ಗುಂಪು ಬೆಳೀತಾ ಇದೆ."

"ಕಾರಣ ಗೊತ್ತಾಗದೆ ಹೇಗೆ ಸಾರ್ ಶುರು ಮಾಡೋದು?"

"ಹೇಗೋ."

ಅವನು ತೂಕದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯ ಸರಳುಗಳ ಹಿಂದೆ ಮುಖಗಳು ತುಂಬಿದ್ದವು. ಯಾರೋ ಒಬ್ಬ ಕಬ್ಬಿನ ಜಲ್ಲೆಯಿಂದ ತಗಡಿನ ಗೋಡೆಗೆ ತಟ್ಟುತ್ತಿದ್ದ, ಜೋರಾಗಿಯೇನಲ್ಲ, ಬಿಟ್ಟು ಬಿಟ್ಟು. ಸುಬ್ರಹ್ಮಣ್ಯ ಡಬ್ಬದ ಮುಚ್ಚಳ ತೆಗೆದ. ಒಳಗೆ ಒಂದು ಮೂಲೆಯಲ್ಲಿ ಕರೆಂಟನ್ನು ಐದು ವೋಲ್ಟಿಗೆ ಇಳಿಸಿಕೊಡುವ ಪವರ್ ಸಪ್ಲೈ. ನಡುವೆ ಹಸಿರು ಮದರ್‌ಬೋರ್ಡು. ಅದರ ಮೇಲೆ ಜರಿಹುಳದಂತೆ ಕಾಲುಗಳಿದ್ದ ಕಪ್ಪು ಪ್ರೊಸೆಸರ್. ಲೆಕ್ಕವೆಲ್ಲ ಮಾಡುವುದು ಅದೇ. ವೋಲ್ಟು ಅಳೆಯುವ ಮುಳ್ಳಿನ ಮೀಟರನ್ನು ಮೇಜಿನ ಮೇಲಿಟ್ಟು, ಅದರ ಕಡ್ಡಿಗಳನ್ನು ಪವರ್ ಸಪ್ಲೈನ ಬಾಯಿಗೆ ಮುಟ್ಟಿಸಿದ. ಒಂದು ಕಡ್ಡಿ ಜಾರಿತು. ಮೊಣಕೈಯನ್ನು ಮೇಜಿಗೆ ಊರಿ ಮತ್ತೆ ಹಿಡಿದ. ಮುಳ್ಳು ಐದರ ಮೇಲೆ ನೆಟ್ಟಗೆ ನಿಂತಿತು.

"ಸರಿಯಾಗೇ ಅದಲ್ಲ ಸಾ" ಎಂದ ಸಿದ್ದರಾಜು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಐದು ಎಂದೇ ಬರೆದಿದ್ದುದು ಅವನಿಗೂ ಗೊತ್ತಿತ್ತು.

ಸರಿಯಾಗಿದ್ದದ್ದೇ ಸುಬ್ರಹ್ಮಣ್ಯನಿಗೆ ಕಷ್ಟವಾಯಿತು. ಸಪ್ಲೈ ಸರಿಯಿದ್ದರೆ ಪ್ರೊಸೆಸರೇ ಕೆಟ್ಟಿದೆ ಎಂದಾಯಿತು, ಅದು ತನ್ನ ಕೈಯಲ್ಲಾಗುವ ರಿಪೇರಿಯಲ್ಲ. ಬೋರ್ಡು ಬಿಚ್ಚಿ ಪಾರ್ಸೆಲ್ ಕಟ್ಟಿ ಆ ಜನರ ಮುಂದೆ ಹೊತ್ತುಕೊಂಡು ಹೋಗಬೇಕು. ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಆಮೇಲೆ ಕೆಳಗಿಟ್ಟ. ಸಪ್ಲೈನ ಬಾಯಲ್ಲಿ ಐದಿದೆ, ನಿಜ. ಪ್ರೊಸೆಸರಿನ ಕಾಲಿಗೆ ಬರುವಷ್ಟರಲ್ಲೂ ಐದೇ ಇದೆಯೆ? ಇರದೆ ಎಲ್ಲಿಗೆ ಹೋಗುತ್ತದೆ, ನಡುವೆ ಇರುವುದು ಗೇಣುದ್ದದ ಎರಡು ವೈರು. ಆದರೂ ನೋಡದೆ ಬಿಟ್ಟರೆ ಬಸ್ಸಿನಲ್ಲಿ ಕೂತ ಮೇಲೆ ಅದೇ ಯೋಚನೆ ಬರುವುದು ಅವನಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು, ಒಂದು ಕಾಲಿಗೂ ಪಕ್ಕದ ಕಾಲಿಗೂ ಕಡ್ಡಿ ತಾಗದ ಹಾಗೆ, ಪ್ರೊಸೆಸರಿನ ಕಾಲಿಗೇ ಮುಟ್ಟಿಸಿದ.

ಮುಳ್ಳು ನಾಲ್ಕೂವರೆಯ ಹತ್ತಿರ ನಿಂತಿತು.

ತಪ್ಪು ಹಿಡಿದೆನೇನೋ ಎಂದು ಕಡ್ಡಿ ತೆಗೆದು ಮತ್ತೆ ಹಿಡಿದ. ಅದೇ. ಸಪ್ಲೈಗೆ ಹಿಡಿದ, ಐದು. ಕಾಲಿಗೆ ಹಿಡಿದ, ನಾಲ್ಕೂವರೆ. ಐದು ವೋಲ್ಟಿನ ಪ್ರೊಸೆಸರು ಕಾಲು ವೋಲ್ಟು ಕಡಿಮೆಯಾದರೆ ತಡೆದುಕೊಳ್ಳುತ್ತದೆ. ಅದಕ್ಕೂ ಕೆಳಗೆ ಹೋದರೆ ಅದರ ಮಾತನ್ನು ನಂಬುವ ಹಾಗಿಲ್ಲ.

"ಸಿದ್ದರಾಜು, ಒಂದು ಚೀಟಿ ಹಾಕಪ್ಪ."

ಪ್ರಿಂಟರು ಕರಕರ ಎಂದಿತು. ಅದಕ್ಕೆ ಕರೆಂಟು ಹೋಗುವುದೂ ಅದೇ ಬೋರ್ಡಿನ ಮೂಲಕ. ಸುಬ್ರಹ್ಮಣ್ಯ ನೋಡುತ್ತಿದ್ದ ಹಾಗೆಯೇ ಮುಳ್ಳು ಇನ್ನಷ್ಟು ಕೆಳಗೆ ಕುಸಿಯಿತು. ಕೆಂಪು ಅಂಕಿಗಳು ರೆಪ್ಪೆ ಬಡಿದಂತೆ ಒಮ್ಮೆ ಆರಿ, ಹತ್ತಿಕೊಂಡವು. ಹಲಗೆಯ ಮೇಲೆ ಚಿಕ್ಕಮಾದಮ್ಮನ ಗಾಡಿ ನಿಂತೇ ಇತ್ತು. ಡಬ್ಬ ಮಾತ್ರ ಸೊನ್ನೆ ತೋರಿಸುತ್ತಿತ್ತು.

ಅವನಿಗೆ ಈಗ ಹೊಳೆಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಆ ಯಂತ್ರ ಹೊಸದಾಗಿ ಶುರುವಾಗಿ, ಆ ಹೊತ್ತಿನಲ್ಲಿ ಹಲಗೆಯ ಮೇಲೆ ಏನಿದ್ದರೂ ಅದನ್ನೇ ಖಾಲಿ ಎಂದು ತಿಳಿದು ಸೊನ್ನೆಯಿಂದ ಎಣಿಸುತ್ತಿತ್ತು. ಈಗ ಕರೆಂಟು ಹೋಗಿರಲಿಲ್ಲ. ವೋಲ್ಟು ಕುಸಿದು, ಪ್ರೊಸೆಸರು ತಾನಾಗಿಯೇ ಮೂರ್ಛೆ ಹೋಗಿ ಎದ್ದಿತ್ತು.

"ಹೀಗೆ ಮಿಟುಕಿದ್ದನ್ನ ಮೊದಲು ನೋಡಿದ್ಯಾ?"

"ನಾನು ಚೀಟಿ ಅರಿಯೋ ಕಡೆ ನೋಡ್ತಿರ್ತೀನಿ ಸಾ" ಎಂದ ಸಿದ್ದರಾಜು. ಆಮೇಲೆ ತಡೆದು, "ಆದ್ರೆ ಗಾಡಿ ಇಳಿದ್ಮೇಲೆ ಒಂದೊಂದ್ಸಲ ಮೈನಸ್ಸು ತೋರುಸ್ತದೆ. ಜೀರೋ ಬಟನ್ ಒತ್ತಿ ಅಂತ ಟ್ರೈನಿಂಗಲ್ಲಿ ಏಳ್ಕೊಟ್ಟಿದ್ರು. ಒತ್ತಿ ಮುಂದ್ಕೆ ಓಯ್ತಿದ್ದೆ."

"ಈಗ ಚಿಕ್ಕಮಾದಮ್ಮ ಗಾಡಿ ಇಳಿಸಿದಾಗ?"

"ಆಗ್ಲೂ ತೋರುಸ್ತು. ಮೈನಸ್ಸು ಮುನ್ನೂರ ಅತ್ತು."

ಅವಳ ಗಾಡಿಯ ಎರಡು ತೂಕಗಳ ನಡುವಿನ ವ್ಯತ್ಯಾಸವೂ ಮುನ್ನೂರ ಹತ್ತೇ. ಸುಬ್ರಹ್ಮಣ್ಯ ಸ್ಟೂಲಿನ ಮೇಲೆ ಕೂತುಬಿಟ್ಟ. ಮುಂದಿನ ಗಾಡಿ ಇಳಿದು ಅದರ ಚೀಟಿ ಇನ್ನೂ ಅಚ್ಚಾಗುತ್ತಿರುವಾಗಲೇ ಹಿಂದಿನ ಗಾಡಿಯ ಎತ್ತು ಆತುರಪಟ್ಟು ಮುಂಗಾಲುಗಳನ್ನು ಹಲಗೆಯ ಮೇಲಿಟ್ಟಿದ್ದರೆ, ಅದೇ ಗಳಿಗೆಯಲ್ಲಿ ಪ್ರೊಸೆಸರು ಮೂರ್ಛೆ ಹೋಗಿದ್ದರೆ, ಆ ಕಾಲುಗಳ ಭಾರವೆಲ್ಲ ರೈತನ ಕಬ್ಬಿನಲ್ಲಿ ಕಳೆದುಹೋಗುತ್ತಿತ್ತು. ಎಲ್ಲರಿಗೂ ಅಲ್ಲ, ಎಲ್ಲ ಸಲವೂ ಅಲ್ಲ. ಅದಕ್ಕೇ ಯಾರಿಗೂ ಹಿಡಿಗೆ ಸಿಕ್ಕಿರಲಿಲ್ಲ.

ಹೊರಗೆ ತಗಡಿನ ಸದ್ದು ಜೋರಾಯಿತು. ಅವನು ಎದ್ದು, ಒಂದು ಕಡ್ಡಿಯನ್ನು ಹಾಗೇ ಇಟ್ಟು, ಇನ್ನೊಂದನ್ನು ವೈರಿನ ಉದ್ದಕ್ಕೂ ಸರಿಸುತ್ತಾ ಬಂದ. ಸಪ್ಲೈನಿಂದ ಹೊರಟ ವೈರು ಬೋರ್ಡಿಗೆ ಸೇರುವ ಕಡೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಕನೆಕ್ಟರ್ ಇತ್ತು. ಅದರ ಈಚೆಗೆ ಐದು, ಆಚೆಗೆ ನಾಲ್ಕೂವರೆ. ಕಳೆದುಹೋದ ಅರ್ಧ ವೋಲ್ಟು ಅಲ್ಲಿಯೇ ಕೂತಿತ್ತು. ಸ್ವಿಚ್ಚು ಆರಿಸಿ, ಕನೆಕ್ಟರನ್ನು ಎಳೆದು ಬೆಳಕಿಗೆ ಹಿಡಿದ. ಬಿಳಿ ಪ್ಲಾಸ್ಟಿಕ್ಕು ಒಂದು ಬದಿಯಲ್ಲಿ ಕಂದಾಗಿತ್ತು. ಒಳಗಿನ ಹಿತ್ತಾಳೆಯ ಕಡ್ಡಿ ಮಸಿ ಹಿಡಿದು ಕಪ್ಪಗಿತ್ತು. ಕಬ್ಬಿನ ಹಾಲಿನ ಹಬೆ, ಬಾಯ್ಲರಿನ ಬೂದಿ, ಎರಡೂ ಆ ಕಿಟಕಿಯಿಂದ ದಿನವೂ ಒಳಗೆ ಬರುತ್ತಿದ್ದವು.

ಕನೆಕ್ಟರನ್ನು ಕತ್ತರಿಸಿ ಹಾಕಿ, ವೈರುಗಳನ್ನು ಕೆರೆದು, ಬೋರ್ಡಿಗೇ ನೇರವಾಗಿ ಬೆಸುಗೆ ಹಾಕಿದ. ಸೀಸ ಕರಗಿ ಹರಿಯುವಾಗ ಒಂದು ಹನಿ ಪಕ್ಕಕ್ಕೆ ಬಿದ್ದಿದ್ದರೂ ಬೋರ್ಡು ಹೋಗುತ್ತಿತ್ತು. ಮುಗಿದು, ಬೆಸುಗೆಯ ಕಾವಿನ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟ. ಕರೆಂಟು ಕೊಟ್ಟು ಪ್ರೊಸೆಸರಿನ ಕಾಲಿಗೆ ಮೀಟರು ಹಿಡಿದ. ಐದಕ್ಕೆ ಕೂದಲೆಳೆ ಕಡಿಮೆ. ಚೀಟಿಯ ಮೇಲೆ ಚೀಟಿ ಹಾಕಿಸಿದ. ಮುಳ್ಳು ಅಲುಗಲಿಲ್ಲ. ಚಿಕ್ಕಮಾದಮ್ಮನ ಗಾಡಿಯನ್ನು ಇಳಿಸಿ, ಜೀರೋ ಬಟನ್ ಒತ್ತಿಸಿ, ಏರಿಸಿ ಇಳಿಸಿ, ಏರಿಸಿ ಇಳಿಸಿ, ಅವಳ ಎತ್ತುಗಳೇ ಬೇಸತ್ತು ತಲೆ ಒದರುವ ತನಕ ತೂಗಿಸಿದ. ಪ್ರತಿ ಸಲವೂ ಎರಡು ಟನ್ನು ತೊಂಬತ್ತು.

ಮ್ಯಾನೇಜರು ಹಿಂಬಾಗಿಲಿನಿಂದ ಒಳಗೆ ಬಂದು ಅವನ ಭುಜ ತಟ್ಟಿದರು. ಆಮೇಲೆ ದನಿ ತಗ್ಗಿಸಿ, "ಬೆಳಿಗ್ಗೆ ಕರೆಂಟ್ ಏರುಪೇರಾಗಿತ್ತು, ಈಗ ಸರಿಯಾಯ್ತು ಅಂತ ಹೇಳಿಬಿಡಿ. ಅಷ್ಟು ಸಾಕು" ಎಂದರು.

"ಅದು ಇವತ್ತು ಬೆಳಿಗ್ಗೆಯದಲ್ಲ ಸಾರ್. ಕನೆಕ್ಟರಿನೊಳಗಿನ ಕಡ್ಡಿ ಒಂದು ದಿನಕ್ಕೆ ಅಷ್ಟು ಕಪ್ಪಾಗಲ್ಲ."

"ನನಗೆ ಅರ್ಥವಾಗುತ್ತೆ. ಅವರಿಗೆ ಅದೆಲ್ಲ ಯಾಕೆ?"

ಸುಬ್ರಹ್ಮಣ್ಯ ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತ. ಕರೆಂಟ್ ಏರುಪೇರು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಜನ ಗಲಾಟೆ ನಿಲ್ಲಿಸಿದರು. ಕರಿಯಯ್ಯ ಎದುರಿಗೇ ನಿಂತಿದ್ದ.

"ಏನಾಗಿತ್ತು ಸಾ?"

"ಒಳಗೆ ಒಂದು ವೈರಿನ ಜಾಯಿಂಟು ಸುಟ್ಟಿತ್ತು ಕರಿಯಯ್ಯ. ಲೆಕ್ಕ ಮಾಡೋ ಚಿಪ್ಪಿಗೆ ಬೇಕಾದಷ್ಟು ವೋಲ್ಟು ಹೋಗ್ತಿರಲಿಲ್ಲ. ನಡುನಡುವೆ ಅದು ಲೆಕ್ಕ ಮರೀತಿತ್ತು. ಈಗ ಸರಿ ಮಾಡಿದೀನಿ."

"ಯಾವತ್ತಿಂದ ಮರೀತಿತ್ತು?"

ಆ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬೆನ್ನ ಹಿಂದೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಸುಬ್ರಹ್ಮಣ್ಯ ತಿರುಗಿ ಸಿದ್ದರಾಜುವಿನ ಕಡೆ ನೋಡಿದ. "ಮೈನಸ್ಸು ಯಾವಾಗಿಂದ ಬರ್ತಿತ್ತಪ್ಪ?"

ಸಿದ್ದರಾಜು ನೆಲ ನೋಡಿದ. ಆ ಗುಂಪಿನಲ್ಲಿ ಅವನ ಸೋದರಮಾವನೂ ನಿಂತಿದ್ದ. "ಸಂಕ್ರಾಂತಿ ಆದ್ಮೇಲಿಂದ ಸಾ. ಅದಕ್ಕಿಂತ ಮುಂಚೆ ನಾನು ಕಂಡಿಲ್ಲ."

"ಸಂಕ್ರಾಂತಿಯಿಂದ ಇರಬಹುದು" ಎಂದ ಸುಬ್ರಹ್ಮಣ್ಯ. "ಯಾರ ಗಾಡಿಗೆ ಎಷ್ಟು ಅಂತ ನನಗೆ ಗೊತ್ತಿಲ್ಲ. ಕೆಲವರಿಗೆ ಕಡಿಮೆ ಬಂದಿರಬಹುದು. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ತೂಗಿ ಕಳೆಯುವಾಗ ಹೀಗಾಗಿದ್ರೆ ಕೆಲವರಿಗೆ ಹೆಚ್ಚೂ ಬಂದಿರುತ್ತೆ. ಅದೂ ಗೊತ್ತಿಲ್ಲ."

ಕಲ್ಲು ಬೀಳುತ್ತದೆ ಎಂದುಕೊಂಡೇ ಅವನು ನಿಂತಿದ್ದ. ಬೀಳಲಿಲ್ಲ. ಚಿಕ್ಕಮಾದಮ್ಮ ಗಾಡಿಯ ಪಕ್ಕದಿಂದ, "ಗೊತ್ತಿಲ್ಲ ಅಂತನಾದ್ರೂ ಏಳುದ್ರಲ್ಲ" ಎಂದು ಎತ್ತುಗಳನ್ನು ಗಾಣದ ಕಡೆಗೆ ಹೊಡೆದುಕೊಂಡು ಹೋದಳು. ಉಳಿದವರು ಹೋಗಲಿಲ್ಲ. ಕಬ್ಬು ಒಣಗುತ್ತಿದ್ದುದರಿಂದ ತೂಕಕ್ಕೆ ಒಪ್ಪಿದರು, ಆದರೆ ಸಂಜೆಯವರೆಗೂ ಸರದಿಯ ಮೇಲೆ ಇಬ್ಬಿಬ್ಬರು ಕಿಟಕಿಯಲ್ಲಿ ಅಂಕಿ ಕಾದರು.

ಆ ತೂಕದ ನಷ್ಟದ ತೀರ್ಮಾನ ನರಸೀಪುರದಲ್ಲಿ, ತಾಲ್ಲೂಕು ಕಚೇರಿಯಲ್ಲಿ ಆಯಿತು. ಮಾತು ಹಲವು ಸಲ ಮುರಿದು, ಕಡೆಗೆ ಸಂಕ್ರಾಂತಿಗೆ ಮುಂಚೆ ಒಬ್ಬೊಬ್ಬರ ಗಾಡಿ ಸರಾಸರಿ ಎಷ್ಟು ತೂಗುತ್ತಿತ್ತೋ ಅದನ್ನೇ ಹಿಡಿಯುವುದೆಂದು ಒಪ್ಪಿಕೊಂಡರು. ಕೆಲವರಿಗೆ ನ್ಯಾಯ ಸಿಕ್ಕಿತು. ಕೆಲವರಿಗೆ ಸಿಕ್ಕಿತೋ ಇಲ್ಲವೋ ಅವರಿಗೇ ಗೊತ್ತಾಗಲಿಲ್ಲ. ಹೆಚ್ಚು ಬಂದವರು ಯಾರೂ ಬಾಯಿ ಬಿಡಲಿಲ್ಲ.

ಮ್ಯಾನೇಜರ ಮಾತು ಮೀರಿದ್ದಕ್ಕೆ ಮೆಮೋ ಬರುತ್ತದೆಂದು ಸುಬ್ರಹ್ಮಣ್ಯ ಕಾದ. ಆಫೀಸಿನ ಜವಾನ ಅವನ ಕಡೆ ನಡೆದು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಮ್ಯಾನೇಜರು ಎದುರಾದರೆ ಎಂದಿನಂತೆ ತಲೆ ಆಡಿಸಿ ಹೋಗುವರು. ಮನೆಯಲ್ಲಿ ಅನ್ನ ಕಲಸಿ ಹಾಗೇ ಕೂರುತ್ತಿದ್ದ.

"ಕಳಿಸೋದಿದ್ರೆ ಇಷ್ಟು ಹೊತ್ತಿಗೆ ಕಳಿಸ್ತಿದ್ರು" ಎಂದಳು ಚಂಪಕ.

"ಸೀಸನ್ ಮುಗೀಲಿ ಅಂತ ಕಾಯ್ತಿದಾರೇನೋ."

ಸೀಸನ್ ಮುಗಿಯಿತು. ಮೆಮೋ ಬರಲಿಲ್ಲ. ಬಂದು ಹೋಗಿದ್ದರೆ ಒಂದು ರೀತಿ ನಿರಾಳವಾಗುತ್ತಿತ್ತು. ಬಾರದ್ದನ್ನು ಅವನು ಬೇಸಿಗೆಯಿಡೀ ಹೊತ್ತು ತಿರುಗಿದ.

ಮುಂದಿನ ಸೀಸನ್ನಿನಲ್ಲಿ ಅವನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಪ್ರೊಸೆಸರಿನ ಕಾಲಿನಿಂದ ಎರಡು ಸಣ್ಣ ವೈರು ಎಳೆದು ಡಬ್ಬದ ಹೊರಗೆ ಬಿಟ್ಟ. ದಿನಾ ಬೆಳಿಗ್ಗೆ ಅದಕ್ಕೆ ಮೀಟರು ಹಿಡಿದು, ಬಂದ ಅಂಕಿಯನ್ನು ತೂಕದ ಮನೆಯ ಹೊರಗೋಡೆಯ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದ. ವೋಲ್ಟು ಎಂದರೆ ಏನೆಂದು ಗಾಡಿಯವರಿಗೆ ಗೊತ್ತಿರಲಿಲ್ಲ. ಐದು ಇರಬೇಕು ಎನ್ನುವುದು ಗೊತ್ತಾಯಿತು. ಬರುಬರುತ್ತಾ ಗೇಟು ದಾಟಿದವರು ಮೊದಲು ಆ ಹಲಗೆಯನ್ನು ನೋಡಿ ಆಮೇಲೆ ಗಾಡಿ ಏರಿಸತೊಡಗಿದರು.

ಒಂದು ದಿನ ಮುಳ್ಳು ಐದಕ್ಕೆ ಚೂರು ಕೆಳಗೆ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಐದು ಎಂದೇ ಬರೆಯುತ್ತಿದ್ದರು. ಅವನು ನಾಲ್ಕು ಪಾಯಿಂಟ್ ಒಂಬತ್ತು ಎಂದು ಬರೆದ. ಗಾಡಿಗಳು ನಿಂತೇಬಿಟ್ಟವು. ಅಷ್ಟು ಕಡಿಮೆಯಾದರೆ ಏನೂ ಆಗುವುದಿಲ್ಲ, ಚಿಪ್ಪು ತಡೆದುಕೊಳ್ಳುತ್ತದೆ ಎಂದು ಅವನು ಒಬ್ಬೊಬ್ಬರಿಗೂ ಹೇಳಬೇಕಾಯಿತು. ಸಿದ್ದರಾಜು ಒಳಗಿನಿಂದ, "ಬುಡಿ ಸಾ ಗಾಡಿಯ, ಒತ್ತಾಯ್ತು" ಎಂದು ಕರೆಯುತ್ತಿದ್ದ. ಹೇಳಿ ಹೇಳಿ, ಕಡೆಗೆ ಸುಬ್ರಹ್ಮಣ್ಯನಿಗೇ ಅನುಮಾನ ಬಂದು, ಒಳಗೆ ಹೋಗಿ ಇನ್ನೊಂದು ಸಲ ಮೀಟರು ಹಿಡಿದು ಬಂದ. ಅಷ್ಟೇ ಇತ್ತು.

ಹೊರಗೆ ಬಂದಾಗ ಕರಿಯಯ್ಯ ಕರಿ ಹಲಗೆಯ ಮುಂದೆ ನಿಂತು ಬೀಡಿ ಹಚ್ಚುತ್ತಿದ್ದ.

"ನಾಳಿಕೂ ಇಷ್ಟೇ ಇರ್ತದಾ ಸಾ?"

"ಗೊತ್ತಿಲ್ಲ ಕರಿಯಯ್ಯ. ನಾಳೆ ನೋಡಿ ಬರೀತೀನಿ."

ಕರಿಯಯ್ಯ ಹೊಗೆ ಬಿಟ್ಟು, ತನ್ನ ಗಾಡಿಯವನಿಗೆ ಏರಿಸು ಎಂದು ಕೈ ಮಾಡಿದ.